ತೊಟ್ಟಿಯ ಕ್ಲೀನರ್

ಹಿರಿಯೂರಿನ ನನ್ನ ಪಂಕ್ಚರ್ ಅಂಗಡಿಯಲ್ಲಿ ಗಾಜಿನ ಮೀನುತೊಟ್ಟಿ ಇಟ್ಟಿದ್ದೆ. ಅದಕ್ಕೆಂದು ಚಿತ್ರದುರ್ಗದಿಂದ ಮೈತುಂಬ ಗಟ್ಟಿ ಕವಚವಿದ್ದ ದಕ್ಷಿಣ ಅಮೆರಿಕದ ಮೀನೊಂದನ್ನು ತಂದೆ.

"ಇದು ಕ್ಲೀನರ್ ಕಣಣ್ಣ, ಪಾಚಿ ತಿನ್ಕಂಡು ಇರ್ತೈತೆ. ಊಟ ಹಾಕಬ್ಯಾಡ" ಎಂದಿದ್ದ ಮಾರಿದವನು.

ನಂಬಿದೆ. ಪಾಚಿ ಖಾಲಿಯಾಯಿತು, ಮೀನಿನ ಹೊಟ್ಟೆ ಒಳಕ್ಕೆ ಹೋಯಿತು. ಏನು ಹಾಕಬೇಕೆಂದು ತಿಳಿಯಲು ಅದರ ಜಾತಿ ಗೊತ್ತಾಗಬೇಕಲ್ಲ? ಕೆಲಸ ಬಿಟ್ಟು ಮತ್ತೆ ಹೋಗಿ ಕೇಳಿದೆ.

"ಕ್ಲೀನರ್ ಅಂದ್ರೆ ಕ್ಲೀನರ್. ಅದಕ್ಕೆಂಥ ಜಾತಿ?" ಎಂದ.

"ಲೇ, ಲಾರಿ ಕ್ಲೀನರ್‌ಗೂ ಊಟ ಕೊಡಿಸ್ತಾರಲ್ಲೋ!"

ಅವನು ನಕ್ಕ. ಸಿಟ್ಟಿನಲ್ಲೇ ವಾಪಸ್ ಬಂದು, ಪಾಚಿ ತಿನ್ನುವುದು ತರಕಾರಿಯನ್ನೂ ತಿಂದೀತೆಂದು ಸೌತೆಕಾಯಿ ಹೋಳಿಗೆ ಕಲ್ಲು ಕಟ್ಟಿ ಮುಳುಗಿಸಿದೆ. ಮೀನು ಸಂಜೆಯವರೆಗೂ ಅದನ್ನು ಬಿಡಲಿಲ್ಲ. ಬದುಕಿಕೊಂಡಿತು, ಸರಿ. ಆದರೆ ಹೆಸರು ಕೇಳಿದವರಿಗೆಲ್ಲ ನಾನೂ ಹಲ್ಲು ಕಚ್ಚಿಕೊಂಡು ಕ್ಲೀನರ್ ಎಂದೇ ಹೇಳಬೇಕಾಯಿತು.