ಸುಮಂಗಲಾಳ ಈಟಿ, ಈರಣ್ಣನ ಕ್ಯಾಮೆರಾ

ಈರಣ್ಣ ಏನಾದರೂ ಕೊಳ್ಳಲು ಹೊರಟನೆಂದರೆ ಮನೆಯವರು ಆ ವಸ್ತುವಿನ ಆಸೆ ಬಿಟ್ಟುಬಿಡುತ್ತಿದ್ದರು. ಮಿಕ್ಸಿ ಆರಿಸಲು ಅವನಿಗೆ ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಪೂರ್ತಿ ಬೇಕಾಗಿತ್ತು. ಅಷ್ಟರಲ್ಲಿ ಹೆಂಡತಿ ಸುಮಂಗಲಾ ತವರಿನಿಂದ ಒರಳು ತರಿಸಿಕೊಂಡು, ಮಿಕ್ಸಿಯ ಚಟ್ನಿಗೆ ರುಚಿಯೇ ಇಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದಳು. ತಪ್ಪು ಅವನದೂ ಅಲ್ಲ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಔಷಧಿ ಬಾಟಲಿಯ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ವಿಭಾಗದಲ್ಲಿ ಅವನಿಗೆ ಕೆಲಸ. ಅನುಮಾನ ಪಡುವುದಕ್ಕೇ ಸಂಬಳ ಪಡೆಯುವ ಮನುಷ್ಯ ಸಂಜೆ ಮನೆಗೆ ಬರುವಾಗ ಆ ಗುಣವನ್ನು ಗೇಟಿನಲ್ಲಿ ಬಿಟ್ಟು ಬರಲಾದೀತೇ?

ಅವನು ಹಿಂದೆಮುಂದೆ ನೋಡದೆ ಆರಿಸಿದ್ದು ಜನ್ಮದಲ್ಲಿ ಒಂದೇ ಒಂದನ್ನು. ರಾಣೆಬೆನ್ನೂರಿಗೆ ಹೆಣ್ಣು ನೋಡಲು ಹೋದ ದಿನ, ಅವಲಕ್ಕಿಯ ತಟ್ಟೆ ಕೈಗೆ ಬರುವ ಮುಂಚೆಯೇ ಹೂಂ ಅಂದುಬಿಟ್ಟಿದ್ದ.

ಹಾಗೆ ಬಂದ ಸುಮಂಗಲಾ ಹೈಸ್ಕೂಲಿನಲ್ಲಿ ಈಟಿ ಎಸೆತಕ್ಕೆ ಹೆಸರಾದವಳು. ಮದುವೆಯಾದ ಮೇಲೆ ಅದು ನಿಂತುಹೋಯಿತು. ಯಾರೂ ಬೇಡ ಅನ್ನಲಿಲ್ಲ, ಯಾರೂ ಯಾಕೆ ಬಿಟ್ಟೆ ಅಂತಲೂ ಕೇಳಲಿಲ್ಲ. ಬೇಗೂರಿನ ಅಪಾರ್ಟ್‌ಮೆಂಟಿನಲ್ಲಿ ಸಂಸಾರ, ಮಗಳ ಓದು, ಮಗಳ ಮದುವೆ ಎನ್ನುತ್ತ ಐವತ್ತು ದಾಟಿತು. ಕಳೆದ ವರ್ಷ ಅಪಾರ್ಟ್‌ಮೆಂಟಿನ ಕ್ರೀಡಾದಿನದಂದು ಹೆಂಗಸರಿಗೆಂದು ಚಮಚ ಮತ್ತು ನಿಂಬೆಹಣ್ಣು ಇಟ್ಟಿದ್ದರು. ಸುಮಂಗಲಾ ಚಮಚವನ್ನು ಒಮ್ಮೆ ನೋಡಿದಳು, ನಿಂಬೆಹಣ್ಣನ್ನು ಒಮ್ಮೆ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಸೀದಾ ಹುಡುಗರ ಕಡೆಗೆ ಹೋಗಿ ಕ್ರಿಕೆಟ್ ಚೆಂಡನ್ನು ಇಸಿದುಕೊಂಡು ಎಸೆದಳು. ಚೆಂಡು ಕಾಂಪೌಂಡ್ ದಾಟಿ, ರಸ್ತೆಯಲ್ಲಿ ನಿಂತಿದ್ದ ನೀರಿನ ಟ್ಯಾಂಕರಿನ ತಲೆಗೆ ಠಣ್ ಎಂದು ಬಡಿಯಿತು. ಡ್ರೈವರ್ ಜಗಳಕ್ಕೆಂದೇ ಒಳಗೆ ಬಂದ. ಎಸೆದವರು ಯಾರೆಂದು ತೋರಿಸಿದಾಗ ಬಾಯಿ ತೆರೆದು ನಿಂತು, "ಏನಕ್ಕಾ ಇದು, ಸಕ್ಕತ್ ಕೈ!" ಎಂದು ಕೈಮುಗಿದು ಹೋದ.

ಅದೇ ಕಟ್ಟಡದಲ್ಲಿದ್ದ ವೇಣಿ ಎಂಬ ಆಟದ ಮೇಡಂ ಮರುದಿನವೇ ಬಂದು, "ಆಂಟಿ, ನಿಮ್ಮ ವಯಸ್ಸಿನವರಿಗೂ ಅಥ್ಲೆಟಿಕ್ ಮೀಟ್ ನಡೆಯುತ್ತೆ, ಬನ್ನಿ ನನ್ನ ಜೊತೆ" ಎಂದು ಹಿಡಿದುಕೊಂಡಳು. ಕೆರೆಯ ಹಿಂದೆ ಇನ್ನೂ ಮನೆಯೇಳದ ಖಾಲಿ ಸೈಟೊಂದರಲ್ಲಿ ಅಭ್ಯಾಸ ಶುರುವಾಯಿತು. ಬೆಳಗ್ಗೆ ಈರಣ್ಣ ಸ್ಕೂಟರ್ ಓಡಿಸುವನು. ಹಿಂದೆ ಸುಮಂಗಲಾ ಈಟಿಯನ್ನು ಬಾವುಟದ ಕೋಲಿನಂತೆ ನೆಟ್ಟಗೆ ಹಿಡಿದು ಕೂರುವಳು. ಸಿಗ್ನಲಿನಲ್ಲಿ ಪಕ್ಕದ ಗಾಡಿಯವರು ತಾವಾಗಿಯೇ ಒಂದಿಷ್ಟು ಜಾಗ ಬಿಟ್ಟು ನಿಲ್ಲುತ್ತಿದ್ದರು.

ಮೊದಲ ಸ್ಪರ್ಧೆಗೆ ಹೋದಾಗ ಈರಣ್ಣ ಗ್ಯಾಲರಿಯಲ್ಲಿ ಕೂತು ಮೊಬೈಲಿನಲ್ಲಿ ಫೋಟೊ ತೆಗೆದ. ಮನೆಗೆ ಬಂದು ನೋಡಿದರೆ ಅಗಲವಾದ ಹಸಿರು ಮೈದಾನ, ಅದರ ನಡುವೆ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ.

"ಇದ್ರಾಗ ನಾ ಯಾವಾಕಿ?" ಎಂದು ಸುಮಂಗಲಾ ಕನ್ನಡಕ ಏರಿಸಿ ಕೇಳಿದಳು.

"ಇದ ನೋಡು, ಇಲ್ಲಿ, ನೀಲಿ ಬಣ್ಣದ್ದು."

"ಅದು ಕಸದ ಡಬ್ಬಿರೀ."

ಹೌದು, ಕಸದ ಡಬ್ಬಿಯೇ. ಸುಮಂಗಲಾ ನಕ್ಕು ಒಳಗೆ ಹೋದಳು. ಆದರೆ ಬಾಗಿಲ ಹತ್ತಿರ ನಿಂತು ಒಂದು ಮಾತು ಆಡಿದಳು: "ಶಾಲಿಯಾಗೂ ಹಂಗ ಆತು. ಬಹುಮಾನ ಕೊಡೋವಾಗ ಫೋಟೊ ಹೊಡೆದ್ರು, ಎಸಿಯೋವಾಗ ಯಾರೂ ಹೊಡೀಲಿಲ್ಲ. ನಾ ಹೆಂಗ ಎಸಿತೀನಿ ಅನ್ನೋದು ನನಗ ಗೊತ್ತಿಲ್ಲ ನೋಡ್ರಿ."

ಅಂದೇ ಈರಣ್ಣ ಕ್ಯಾಮೆರಾ ಕೊಳ್ಳಲು ನಿರ್ಧರಿಸಿದ. ಯಾವ ಕ್ಯಾಮೆರಾ ಎನ್ನುವುದು ಆಮೇಲಿನ ಮಾತಾಯಿತು.

ಕಾರ್ಖಾನೆಯಲ್ಲಿ ಅವನ ಪಕ್ಕದ ಮೇಜಿನ ರುದ್ರೇಶ್ ದಾವಣಗೆರೆಯವನು. ಕೈಯಲ್ಲಿ ಕ್ಯಾಮೆರಾ ಹಿಡಿದೇ ಹುಟ್ಟಿದವನಂತೆ ಮಾತಾಡುವವನು. "ಗುರುಗಳೇ, ತಗೊಂಡ್ರೆ ಡಿಎಸ್‌ಎಲ್‌ಆರ್ ತಗೊಳ್ರಿ. ಒಳಗೆ ಬೆಳಕು ಹಿಡಿಯೋ ಸೆನ್ಸರ್ ದೊಡ್ಡದು, ಚಿತ್ರ ಗಾಜಿನಂಗೆ ಬರ್ತದೆ. ಗುಂಡಿ ಒತ್ತಿದ ಕ್ಷಣಕ್ಕೇ ಹೊಡೀತದೆ. ಈಟಿ ಏನು ನಿಮಗೋಸ್ಕರ ಗಾಳೀಲಿ ನಿಂತು ಕಾಯುತ್ತಾ?" ಎಂದ.

ಮಾತು ಸರಿಯೆನಿಸಿತು. ಆದರೆ ಡಿಎಸ್‌ಎಲ್‌ಆರ್ ಜೊತೆಗೆ ಬರುವ ಮಸೂರ ದೂರದ್ದನ್ನು ಎಳೆಯುವುದಿಲ್ಲ, ಅದಕ್ಕೆ ಇನ್ನೊಂದು ಉದ್ದನೆಯ ಮಸೂರ ಬೇಕು ಎಂದು ಈರಣ್ಣ ಎಲ್ಲೋ ಓದಿದ. ಬ್ರಿಡ್ಜ್ ಕ್ಯಾಮೆರಾ ಎಂಬ ಇನ್ನೊಂದು ಜಾತಿ ಇದೆ, ಅದರ ಮಸೂರ ಕಳಚಲು ಬರುವುದಿಲ್ಲವಾದರೂ ಚಂದ್ರನ ಮೇಲಿನ ಹಳ್ಳದಿಣ್ಣೆಯವರೆಗೂ ಹೋಗಿ ತರುತ್ತದೆ ಎಂದೂ ಓದಿದ. ಆದರೆ ಅದರ ಸೆನ್ಸರ್ ಉಗುರಿನಷ್ಟು ಚಿಕ್ಕದಂತೆ, ಬೆಳಕು ಕಡಿಮೆಯಾದರೆ ಚಿತ್ರ ರವೆ ರವೆಯಾಗುತ್ತದಂತೆ. ಅವನ ಊಟ ತಣ್ಣಗಾಗತೊಡಗಿತು. ಸುಮಂಗಲಾ ರೊಟ್ಟಿ ಬಡಿಯುತ್ತಲೇ, "ಇನ್ನೊಂದು ಮಿಕ್ಸಿ ಬಂತು ನಮ್ಮನಿಗೆ" ಎಂದಳು.

ಮುಂದಿನ ಸ್ಪರ್ಧೆ ಹತ್ತಿರ ಬಂದಾಗ ಅವಳೇ ಅವನನ್ನು ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಂಗಡಿಗೆ ಎಳೆದುಕೊಂಡು ಹೋದಳು. ಒಳಗೆ ಒಂದಿಷ್ಟು ಹೊತ್ತು ನಿಂತು, "ನೀವು ಆರಿಸ್ರಿ, ನಾ ಚುರುಮುರಿ ತಿಂತೀನಿ" ಎಂದು ರಸ್ತೆ ದಾಟಿ ಗಾಡಿಯ ಬಳಿ ಹೋದಳು.

ಅಂಗಡಿಯ ಶಿವರಾಜ್ ತಾಳ್ಮೆಯ ಮನುಷ್ಯ. "ಈಗ ಎಲ್ರೂ ಮೊಬೈಲಲ್ಲೇ ತೆಗೀತಾರೆ ಸಾರ್. ಈ ಎರಡನ್ನೂ ಕೇಳ್ಕೊಂಡು ಬರೋರೇ ಇಲ್ಲ. ನೀವು ಬಂದಿದ್ದು ಖುಷಿಯಾಯ್ತು, ಆರಾಮಾಗಿ ನೋಡಿ" ಎಂದು ಡಿಎಸ್‌ಎಲ್‌ಆರ್, ಬ್ರಿಡ್ಜ್ ಎರಡನ್ನೂ ಗಾಜಿನ ಮೇಲಿಟ್ಟ. ಬೆಲೆ ಹೆಚ್ಚುಕಡಿಮೆ ಒಂದೇ. ಈರಣ್ಣ ಡಿಎಸ್‌ಎಲ್‌ಆರ್ ಎತ್ತಿ ಶಿವರಾಜನ ಮುಖವನ್ನೇ ತೆಗೆದ. ಹುಬ್ಬಿನ ಒಂದೊಂದು ಕೂದಲೂ ಎದ್ದು ಕಂಡಿತು, ಹಿಂದಿನ ಗೋಡೆ ಬೆಣ್ಣೆಯಂತೆ ಕರಗಿತ್ತು. ಇದೇ ಸರಿ ಅನ್ನಿಸಿತು. ಕೆಳಗಿಟ್ಟ ಕೂಡಲೇ ಅಲ್ಲ ಅನ್ನಿಸಿತು.

"ಫೋಟೊ ಎಲ್ಲಿಂದ ತೆಗೀತೀರಾ ಸಾರ್? ಹತ್ರದಿಂದಾನಾ?" ಶಿವರಾಜ್ ಕೇಳಿದ.

"ಗ್ಯಾಲರಿಯಿಂದ. ಮೈದಾನದ ಒಳಗೆ ನನ್ನನ್ನ ಯಾರು ಬಿಡ್ತಾರೆ?"

"ಹಂಗಾದ್ರೆ ಇದನ್ನ ಹಿಡ್ಕೊಂಡು ಆಚೆ ಬನ್ನಿ" ಎಂದು ಬ್ರಿಡ್ಜ್ ಕ್ಯಾಮೆರಾ ಕೊಟ್ಟ.

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಈರಣ್ಣ ಕ್ಯಾಮೆರಾದ ಜೂಮ್ ತಿರುಗಿಸಿದ. ಮಸೂರ ಗುಂಯ್ ಎನ್ನುತ್ತ ಮೂಗಿನಂತೆ ಉದ್ದಕ್ಕೆ ಚಾಚಿಕೊಂಡಿತು. ಬಸ್ಸುಗಳು, ಸ್ಕೂಟರುಗಳು, ಧೂಳು ಎಲ್ಲವನ್ನೂ ದಾಟಿ ರಸ್ತೆಯಾಚೆಯ ಸುಮಂಗಲಾ ಕಣ್ಣ ಮುಂದೆ ಬಂದು ನಿಂತಳು. ತುಟಿಯ ಮೇಲೆ ಒಂದು ಮಂಡಕ್ಕಿ ಅಂಟಿಕೊಂಡಿತ್ತು. ಅವನನ್ನೇ ನೋಡಿ ಏನೋ ಹೇಳುತ್ತಿದ್ದಳು. ಸದ್ದು ಕೇಳದಿದ್ದರೂ ತುಟಿ ಓದಬಹುದಿತ್ತು: ಸಾಕು ಬರ್ರಿ.

ಈರಣ್ಣನಿಗೆ ನಗು ತಡೆಯಲಾಗಲಿಲ್ಲ. "ಇದನ್ನೇ ಕಟ್ಟಿಬಿಡಪ್ಪ" ಅಂದ.

ಸ್ಪರ್ಧೆಯ ದಿನ ಬಿಸಿಲು ಚೆನ್ನಾಗಿತ್ತು. ಕ್ರೀಡಾಂಗಣದ ಬಾಗಿಲಲ್ಲಿ ಸ್ವಯಂಸೇವಕಿಯೊಬ್ಬಳು ಅವನ ಎದೆಯ ಮೇಲೆ ತೂಗುತ್ತಿದ್ದ ಉದ್ದ ಮೂಗಿನ ಕ್ಯಾಮೆರಾ ನೋಡಿದ್ದೇ, "ಪ್ರೆಸ್ ಅಲ್ವಾ ಸಾರ್? ಈ ಕಡೆ ಬನ್ನಿ, ಈ ಕಡೆ ಬನ್ನಿ" ಎಂದು ಹಗ್ಗ ಎತ್ತಿ ಒಳಗೆ ಬಿಟ್ಟಳು. ಅಲ್ಲ ಎಂದು ಹೇಳುವಷ್ಟರಲ್ಲಿ ಈರಣ್ಣ ಹುಲ್ಲಿನ ಮೇಲಿದ್ದ. ಈಟಿ ಎಸೆಯುವವರು ಓಡಿಬರುವ ಪಟ್ಟಿ ಅವನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಇಷ್ಟು ಹತ್ತಿರ ಬಿಡುತ್ತಾರೆಂದು ಗೊತ್ತಿದ್ದರೆ ಡಿಎಸ್‌ಎಲ್‌ಆರೇ ತರಬಹುದಿತ್ತಲ್ಲ ಎಂದುಕೊಂಡ. ರುದ್ರೇಶನ ಮುಖ ಕಣ್ಣೆದುರು ಬಂತು.

ಸುಮಂಗಲಾಳ ಸರದಿ ಬಂತು. ಈಟಿ ಎತ್ತಿ ಓಡತೊಡಗಿದವಳಿಗೆ ಪಟ್ಟಿಯ ಪಕ್ಕದಲ್ಲಿ ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿ, ಮಂಡಿ ಊರಿ ಕೂತಿದ್ದ ಗಂಡ ಕಂಡ. ಹೆಜ್ಜೆ ತಪ್ಪಿತು. ಕಾಲು ಗೆರೆ ದಾಟಿತು. ಕೆಂಪು ಬಾವುಟ ಮೇಲೆದ್ದಿತು. ಆ ಎಸೆತ ಲೆಕ್ಕಕ್ಕಿಲ್ಲ, ಪುಣ್ಯಕ್ಕೆ ಇನ್ನೂ ಅವಕಾಶ ಉಳಿದಿತ್ತು.

ಅವಳು ಸೀದಾ ಅವನ ಬಳಿಗೇ ಬಂದಳು. "ಅಲ್ರೀ, ಇಲ್ಲೇನ್ ಮಾಡಾಕತ್ತೀರಿ?"

"ಒಳಗ ಬಿಟ್ರು..."

"ಅವರು ಬಿಟ್ರು, ನಾ ಬಿಡಂಗಿಲ್ಲ. ನಿಮ್ಮನ್ನ ನೋಡಿದ್ರ ನನಗ ಗ್ಯಾಸ್ ಆರಿಸಿ ಬಂದೀನೋ ಇಲ್ಲೋ ಅಂತ ನೆನಪಾಗ್ತದ. ಮ್ಯಾಲ ಹೋಗಿ ಕುಂದರ್ರಿ. ದೂರ. ನನ್ನ ಕಣ್ಣಿಗೆ ಬೀಳಬ್ಯಾಡ್ರಿ."

ಸುತ್ತ ನಿಂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಈರಣ್ಣ ಹಗ್ಗದಡಿ ನುಸುಳಿ, ಗ್ಯಾಲರಿಯ ಮೆಟ್ಟಿಲು ಹತ್ತಿ, ಕಟ್ಟಕಡೆಯ ಸಾಲಿನಲ್ಲಿ ಕಂಬದ ಪಕ್ಕ ಕೂತ. ಕೂತು ಮಸೂರವನ್ನು ಪೂರ್ತಿ ಚಾಚಿದ.

ಮೊದಲು ಆಕಾಶ ಸಿಕ್ಕಿತು. ಆಮೇಲೆ ತೀರ್ಪುಗಾರರ ಟೋಪಿ. ಕೈ ಸ್ವಲ್ಪ ಅಲುಗಿದರೂ ಮೈದಾನವೇ ಜಾರಿ ಹೋಗುತ್ತಿತ್ತು. ಮೊಣಕೈಯನ್ನು ಮಂಡಿಗೆ ಊರಿ, ಉಸಿರು ಬಿಗಿಹಿಡಿದು ಹುಡುಕಿದ. ಸಿಕ್ಕಳು.

ಸಿಕ್ಕವಳು ಅವನಿಗೆ ಗೊತ್ತಿದ್ದ ಸುಮಂಗಲಾ ಆಗಿರಲಿಲ್ಲ. ಮೂವತ್ತು ವರ್ಷ ಎದುರುಬದುರು ಕೂತು ಉಂಡ ಮುಖ ಅದು, ಆದರೂ ಹೀಗೆ ಕಂಡಿರಲಿಲ್ಲ. ಯಾರೂ ನೋಡುತ್ತಿಲ್ಲ ಎಂಬಂತೆ ದವಡೆ ಬಿಗಿದಿತ್ತು, ಕಣ್ಣು ದೂರದ ಯಾವುದೋ ಒಂದು ಬಿಂದುವಿನಲ್ಲಿ ನಾಟಿತ್ತು. ಅವಳು ಓಡಿದಳು. ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ಬಾಯಿ ತೆರೆಯಿತು. ಇಷ್ಟು ದೂರಕ್ಕೂ ಆ ಕೂಗು ಕೇಳಿಸಿತು. ಈರಣ್ಣ ಗುಂಡಿಯನ್ನು ಒತ್ತಿ ಹಿಡಿದವನು ಬಿಡಲೇ ಇಲ್ಲ.

ಈಟಿ ಎಲ್ಲಿ ಬಿತ್ತೆಂದು ಅವನು ನೋಡಲಿಲ್ಲ. ಬಿಳಿ ಬಾವುಟ ಎದ್ದದ್ದು, ವೇಣಿ ಕುಣಿದದ್ದು, ಸುಮಂಗಲಾ ಎರಡೂ ಕೈ ಮೇಲೆತ್ತಿ ಗ್ಯಾಲರಿಯಲ್ಲಿ ಅವನನ್ನು ಹುಡುಕಿದ್ದು ಇಷ್ಟೇ ಕಂಡಿತು. ಕೊನೆಗೆ ಅವಳಿಗೆ ಎರಡನೆಯ ಸ್ಥಾನ ಬಂತು. ಮೊದಲು ಬಂದಾಕೆ ಮೈಸೂರಿನ ನಿವೃತ್ತ ಪೊಲೀಸ್ ಪೇದೆ. "ಆಕಿ ಕೈ ಕಬ್ಬಿಣ ಐತ್ರಿ, ಅಡ್ಡಿಯಿಲ್ಲ" ಎಂದು ಸುಮಂಗಲಾ ಒಪ್ಪಿಕೊಂಡಳು.

ನೆರಳಲ್ಲಿ ಕೂತು ಫೋಟೊ ನೋಡಿದರು. ಹೆಚ್ಚಿನವು ಮಂಜು ಮಂಜು. ಕೆಲವುಗಳಲ್ಲಿ ತಲೆ ಇಲ್ಲ, ಕೆಲವುಗಳಲ್ಲಿ ಕಾಲಿಲ್ಲ. ಒಂದು ಮಾತ್ರ ನೆಟ್ಟಗೆ ಬಂದಿತ್ತು. ಅದರಲ್ಲಿ ಈಟಿಯೇ ಇರಲಿಲ್ಲ. ಆಗಷ್ಟೇ ಕೈ ಬಿಟ್ಟು ಹೋಗಿತ್ತು. ಬರಿದಾದ ಬೆರಳುಗಳು, ಹಾರಿದ ಜಡೆ, ಸಿಂಹದಂತೆ ತೆರೆದ ಬಾಯಿ.

"ಈಟಿ ತಪ್ಪಿಹೋತು ನೋಡು. ರುದ್ರೇಶ ಹೇಳಿದ್ದ" ಎಂದು ಈರಣ್ಣ ಪೆಚ್ಚಾಗಿ ಅಂದ.

ಸುಮಂಗಲಾ ಕ್ಯಾಮೆರಾವನ್ನು ಕಣ್ಣ ಹತ್ತಿರಕ್ಕೆ ಎಳೆದುಕೊಂಡಳು. ಆ ಚಿತ್ರವನ್ನೇ ನೋಡಿದಳು. "ನಾ ಹಿಂಗ ಇರ್ತೀನಾ?" ಎಂದಳು ಮೆಲ್ಲಗೆ. ಆಮೇಲೆ ಜೋರಾಗಿ ನಗತೊಡಗಿದಳು. "ಅಯ್ಯ ಶಿವನೇ, ಯಾರಾದ್ರೂ ಹೆದರ್ತಾರ! ಏ ವೇಣಿ, ಬಾ ಇಲ್ಲಿ, ನೋಡಿಲ್ಲಿ ನಾ ಹೆಂಗದೀನಿ!"

ವೇಣಿ ಬಂದಳು, ಅವಳ ಹಿಂದೆ ಪೊಲೀಸಮ್ಮ ಬಂದಳು, ಅವರ ಹಿಂದೆ ಉಳಿದವರೂ ಬಂದು ಆ ಪುಟ್ಟ ಪರದೆಯ ಸುತ್ತ ಮುಗಿಬಿದ್ದರು. "ನಂದೂ ಒಂದು ತೆಗೀರಿ ಸಾರ್, ನನ್ನ ಗುಂಡೆಸೆತ ಇನ್ನೂ ಬಾಕಿ ಇದೆ", "ನಂದು ಡಿಸ್ಕಸ್ ಕಣ್ರೀ, ಮರೀಬೇಡಿ." ಅರವತ್ತೈದು ದಾಟಿದ ವನಜಾ ಎಂಬಾಕೆ ಹರ್ಡಲ್ಸ್ ಓಡುವವಳು. ಅವಳು ಎಲ್ಲರನ್ನೂ ಸರಿಸಿ ಮುಂದೆ ಬಂದು, "ನೋಡಿ ಸಾರ್, ನಾನು ಮೂರನೇ ಹರ್ಡಲ್ಲಿಗೆ ಚೆನ್ನಾಗಿ ಹಾರ್ತೀನಿ. ನಾಲ್ಕನೇದಕ್ಕೆ ಸುಸ್ತಾಗ್ತೀನಿ. ಮೂರನೇದನ್ನೇ ತೆಗೀಬೇಕು" ಎಂದು ಅಪ್ಪಣೆ ಮಾಡಿದಳು.

ಈರಣ್ಣ ಸುಮಂಗಲಾಳ ಮುಖ ನೋಡಿದ.

"ಮತ್ತ ಇಲ್ಲೇನ್ ನಿಂತೀರಿ? ಹೋಗ್ರಿ ಮ್ಯಾಲ" ಎಂದು ಅವಳು ಬುತ್ತಿಯ ರೊಟ್ಟಿಯೊಂದನ್ನು ಸುರುಳಿ ಸುತ್ತಿ ಅವನ ಕೈಗಿಟ್ಟಳು. ಅವನು ಅದನ್ನು ಬಾಯಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದು, ಗ್ಯಾಲರಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಕೆಳಗೆ ವನಜಾ ಓಟದ ಗೆರೆಗೆ ಹೋಗಿ ನಿಂತು, ಸೊಂಟಕ್ಕೆ ಕೈಯಿಟ್ಟು, ಅವನು ಕೂರುವುದನ್ನೇ ಕಾಯುತ್ತಿದ್ದಳು.