ಅಟ್ಟದ ಕಾಯಿಯ ಕೆಳಗಿನ ಫೋನ್ ವೈರು

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ನಾನು ಮುಂದೆ ಬರಲಿ ಎಂದಲ್ಲ, ತಿಪಟೂರಿನ ಸೈಬರ್ ಸೆಂಟರಿಗೆ ಹೋಗದಿರಲಿ ಎಂದು. ಇದನ್ನು ಮೆತ್ತಗೆ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಆ ಸೆಂಟರಿನಲ್ಲಿ ಪ್ಲೈವುಡ್ಡಿನ ಗೂಡುಗಳಿದ್ದವು, ಗೂಡಿಗೊಂದು ಪರದೆ. ಪರದೆ ಇರುವ ಕಡೆ ಮನೆಯ ಹೆಣ್ಣುಮಗಳು ಕೂರಬಾರದೆಂದು ಅಪ್ಪ ಯಾವುದೋ ಆಫೀಸಿನವರು ತೆಗೆದುಹಾಕಿದ್ದ ಹಳೇ ಕಂಪ್ಯೂಟರ್ ತಂದು ಒಳಕೋಣೆಯಲ್ಲಿ ಇಡಿಸಿದರು. "ಮನೇಲೇ ನೋಡ್ಕಳವ್ವ, ಯಾರ್ ಬ್ಯಾಡ ಅಂತಾರೆ?" ಅಂದರು.

ಫೋನ್ ಇದ್ದದ್ದು ಹಜಾರದಲ್ಲಿ, ಅಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ಲೈನ್‌ಮನ್‌ಗೆ ಯಾಕೆ ಕಾಯಬೇಕೆಂದು ಅಪ್ಪ ತಾವೇ ಇನ್ನೊಂದು ವೈರು ಸೇರಿಸಿ, ಗಂಟಿಗೆ ಕರೀ ಟೇಪು ಸುತ್ತಿ, ಅಟ್ಟದ ಮೇಲಿನಿಂದ ಒಳಕೋಣೆಗೆ ಇಳಿಸಿದರು. ಆಗ ಅಟ್ಟ ಖಾಲಿ. ಕಂಪ್ಯೂಟರ್ ರಿಪೇರಿಯವನು ಬಂದು ಮೋಡೆಮ್ ಹಾಕಿ ನಂಬರು ಒತ್ತಿಸಿದ. ಅದು ಗಂಟಲು ಕೆರೆದುಕೊಂಡು ಕೀಚಲು ದನಿ ತೆಗೆದು ಕನೆಕ್ಟ್ ಆಯಿತು. ಅಮ್ಮ ಬಾಗಿಲಲ್ಲಿ ನಿಂತು ಕಿವಿ ಮುಚ್ಚಿಕೊಂಡಳು.

ಆಮೇಲೆ ಅಟ್ಟಕ್ಕೆ ತೆಂಗಿನಕಾಯಿ ಏರಿದವು. ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಕಾಯಿಯನ್ನು ಸಿಪ್ಪೆಸಮೇತ ಅಟ್ಟದಲ್ಲಿ ಸುರಿದು ತಿಂಗಳುಗಟ್ಟಲೆ ಮರೆತುಬಿಡುವುದು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನುವ ತನಕ ಯಾರೂ ಮುಟ್ಟುವಂತಿಲ್ಲ, ಮುಟ್ಟಿದರೆ ಕೊಬ್ಬರಿ ಕೆಡುತ್ತದೆ ಎಂಬುದು ಅಪ್ಪನ ನಂಬಿಕೆ. ಆ ರಾಶಿಯ ಕೆಳಗೆ ಅಪ್ಪನ ಗಂಟು ಹೂತುಹೋಯಿತು. ಅಂದಿನಿಂದ ಮೋಡೆಮ್ ಕೂಗುವುದು, ಸುಮ್ಮನಾಗುವುದು, ಮತ್ತೆ ಕೂಗುವುದು, ಕನೆಕ್ಟ್ ಮಾತ್ರ ಆಗದು.

ಇದೆಲ್ಲ ಆದದ್ದು ನನಗೆ ಮೇಲ್ ಬರಬೇಕಾಗಿದ್ದ ದಿನಗಳಲ್ಲೇ. ಮೈಸೂರಿನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುವ ತರಬೇತಿಗೆ ಸಂದರ್ಶನ ಕೊಟ್ಟು ಬಂದಿದ್ದೆ. ಆಯ್ಕೆಯಾದರೆ ಮೇಲ್ ಕಳಿಸುತ್ತೇವೆ, ಹೇಳಿದ ದಿನದೊಳಗೆ ಮೇಲಿನಲ್ಲೇ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ ಎಂದು ಅಲ್ಲೇ ಹೇಳಿದ್ದರು. ಫೋನ್ ಮಾಡಿದೆ. "ಮೇಲ್ ನೋಡ್ಕೊಳ್ಳಿ" ಎಂದು ಇಟ್ಟುಬಿಟ್ಟರು.

ರಿಪೇರಿಯವನನ್ನು ಮತ್ತೆ ಕರೆಸಿದೆ. ಅವನು ರಿಸೀವರ್ ಕಿವಿಗಿಟ್ಟು, "ಲೈನಲ್ಲಿ ಗರಗರ ಐತೆ, ಜಾಯಿಂಟ್ ಬಿಚ್ಚಿ ನೋಡ್ಬೇಕು ಕಣ್ರೀ" ಅಂದ.

ಅಪ್ಪ ಕೂತಲ್ಲಿಂದ ಏಳಲೂ ಇಲ್ಲ. "ಫೋನು ಚೆನ್ನಾಗೇ ಮಾತಾಡ್ತದಲ್ಲಯ್ಯಾ. ಅಟ್ಟಕ್ಕೆ ಮಾತ್ರ ಕೈ ಹಾಕ್ಬ್ಯಾಡ."

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ವಯಸ್ಸಿಗೆ ಇದೇ ಕೊನೇ ವರ್ಷ ಅಪ್ಪ, ಆಮೇಲೆ ತಗೊಳಲ್ಲ" ಅಂದೆ. ಕೂಗಿಯೇ ಹೇಳಿದೆ, ಬೀದಿಗೆ ಕೇಳಿಸುವಷ್ಟು. ಅಪ್ಪ ಎಲೆಗೆ ಸುಣ್ಣ ಸವರುತ್ತ ಹೂಂ ಅಂದರು. ಮಾರನೆಯ ದಿನ ಸೈಬರ್ ಸೆಂಟರಿಗೇ ಹೋಗುತ್ತೇನೆಂದು ಬಸ್ ಸ್ಟಾಪಿನ ತನಕ ನಡೆದೆ. ಅಪ್ಪ ಹಿಂದೆಯೇ ಸ್ಕೂಟರ್ ತಂದು ನಿಲ್ಲಿಸಿ, "ಮನೇಲೇ ಇಟ್ಕಂಡು ಅಲ್ಲಿಗ್ಯಾಕೆ? ಹತ್ತು" ಅಂದರು. ಸ್ಟಾಪಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಹತ್ತಿದೆ.

ಶನಿವಾರ ಅಪ್ಪ ಯಾರದೋ ತಿಥಿಗೆಂದು ತುರುವೇಕೆರೆಗೆ ಹೋದರು. ಸ್ಕೂಟರಿನ ಸದ್ದು ಮರೆಯಾಗುತ್ತಲೇ ನಾನು ಏಣಿ ಹಾಕಿದೆ.

"ಬ್ಯಾಡ ಕಣೇ, ನಿಮ್ಮಪ್ಪ ಬಂದು ಕುಣೀತಾರೆ" ಎಂದಳು ಅಮ್ಮ. ಅನ್ನುತ್ತಲೇ ಏಣಿಯ ಬುಡ ಹಿಡಿದುಕೊಂಡಳು.

ಅಟ್ಟದಲ್ಲಿ ಬಗ್ಗಿ ಕೂತು ಕಾಯಿಗಳನ್ನು ಅತ್ತ ಎಸೆದೆ, ಇತ್ತ ಎಸೆದೆ. ಸರಿಸಲಿಲ್ಲ, ಎಸೆದೆ. ಮೂಗಿಗೆಲ್ಲ ನಾರಿನ ಧೂಳು. ರಾಶಿಯ ತಳದಲ್ಲಿ ಗಂಟು ಸಿಕ್ಕಿತು. ಟೇಪು ಬಿಚ್ಚಿಹೋಗಿತ್ತು, ತಾಮ್ರದ ಒಂದೇ ಒಂದು ಎಳೆ ಹೇಗೋ ತಗುಲಿಕೊಂಡಿತ್ತು. ಇಷ್ಟಕ್ಕೆ! ಎರಡು ತುದಿಗಳನ್ನು ತಿರುಚಿ ಬಿಗಿದು ಹೊಸ ಟೇಪು ಸುತ್ತಿದೆ. ಕಾಫಿ ಕುದಿಯುವಷ್ಟು ಹೊತ್ತೂ ಹಿಡಿಯದ ಕೆಲಸ ಅದು.

ಕೆಳಗಿಳಿದು ನಂಬರು ಒತ್ತಿದೆ. ಒಂದೇ ಸಲಕ್ಕೆ ಕನೆಕ್ಟ್ ಆಯಿತು. ಪುಟ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ತೆರೆದುಕೊಂಡಿತು. ಮೈಸೂರಿನಿಂದ ಎರಡು ಮೇಲ್ ಬಂದಿದ್ದವು. ಮೊದಲನೆಯದರಲ್ಲಿ ನಾನು ಆಯ್ಕೆಯಾಗಿದ್ದೆ, ಗುರುವಾರದೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಎರಡನೆಯದು ಶುಕ್ರವಾರದ್ದು. ಉತ್ತರ ಬಾರದ್ದರಿಂದ ಸೀಟನ್ನು ಬೇರೆಯವರಿಗೆ ಕೊಟ್ಟಿದ್ದರು. ಕೂಡಲೇ ಫೋನ್ ಮಾಡಿದೆ. ಸೀಟು ಸಿಕ್ಕವರು ಸೇರಿಯೂ ಆಯಿತು ಎಂದರು.

ಸಂಜೆ ಅಪ್ಪ ಬಂದವರೇ ಏಣಿ ನೋಡಿದರು. "ಯಾವಳೇ ಅಟ್ಟ ಹತ್ತಿದ್ದು?"

"ನಾನು. ಸೀಟು ಹೋಯ್ತು" ಅಂದೆ.

"ಹೋದ್ರೆ ಹೋಯ್ತು ಬುಡು. ಮುಂದಿನ ವರ್ಷ ಹಾಕುವಂತೆ."

"ಮುಂದಿನ ವರ್ಷ ವಯಸ್ಸು ಮೀರ್ತದೆ."

ಅಪ್ಪ ಆಗಲೇ ಏಣಿಯ ಮೇಲೆ ಕಾಲಿಟ್ಟಿದ್ದರು. ತಿರುಗಿ ನನ್ನನ್ನು ನೋಡಿದರು. ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಅದನ್ನ ಮೊದ್ಲೇ ಹೇಳ್ಬಾರ್ದೇನವ್ವ?" ಎಂದು ಕೇಳಿ, ಕಾಯಿ ನೋಡಲು ಮೇಲೆ ಹತ್ತಿದರು.