ಪ್ರಳಯದ ಆಟಕ್ಕೆ ನಾನು ಬರೆದ ಪಟ್ಟಿ

ಆಟ ಆಡಿ ಒಬ್ಬರಿಗೆ ಅನ್ಯಾಯ ಮಾಡಬಹುದು ಎಂದರೆ ಜನ ನಗುತ್ತಾರೆ. ನಾನು ಮಾಡಿದ್ದೇನೆ. ಅದೂ ಕಾಗದ, ಪೆನ್ಸಿಲ್ಲು, ಲುಡೋ ಡಬ್ಬಿಯ ಎರಡು ದಾಳ ಇಟ್ಟುಕೊಂಡು ಆಡುವ ಆಟದಲ್ಲಿ.

ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿತ್ತು. ಸಿಂಧನೂರಿನಲ್ಲಿ ಡಿಗ್ರಿ ಮುಗಿಸಿ, ರಿಸಲ್ಟಿಗೆ ಕಾಯುತ್ತ, ಅಲ್ಲೇ ಹತ್ತಿರದ ಜವಳಗೇರಾದ ಮನೆಯಲ್ಲಿ ಉಂಡು ಮಲಗುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ನಮ್ಮದು ಕಾಲುವೆ ನೀರಿನ ಭತ್ತದ ಗದ್ದೆ, ಊರ ನಡುವೆ ದೊಡ್ಡ ಮನೆ. ನಾನು ಗದ್ದೆಗೆ ಇಳಿಯದಿದ್ದರೆ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ಆಗ ಹೈದರಾಬಾದಿನಲ್ಲಿ ಓದುತ್ತಿದ್ದ ಸೋದರಮಾವನ ಮಗ ಒಂದು ಇಂಗ್ಲಿಷ್ ಪುಸ್ತಕದ ಜೆರಾಕ್ಸ್ ತಂದುಕೊಟ್ಟ. ಜಗತ್ತು ಹಾಳಾದ ಮೇಲೆ ಉಳಿದವರು ಹೇಗೆ ಬದುಕುತ್ತಾರೆ ಎಂಬ ಆಟ. ಒಬ್ಬ ಕತೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆ ಎಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ.

ನನ್ನ ಇಂಗ್ಲಿಷು ಮೂರನೇ ಪುಟಕ್ಕೇ ಸುಸ್ತಾಯಿತು. ಪುಸ್ತಕವನ್ನು ಲಿಂಗಸುಗೂರಿನ ಗೆಳೆಯನಿಗೆ ಕೊಟ್ಟೆ. ಡಿಗ್ರಿಯ ಮೂರೂ ವರ್ಷ ನನ್ನ ಪಕ್ಕ ಕೂತವನು ಅವನು. ಒಂದೇ ವಾರದಲ್ಲಿ ಓದಿ ಮುಗಿಸಿ, ಕಷ್ಟದ ಮಾತುಗಳ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದು, ಮಸ್ಕಿಯ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಇಡೀ ಆಟವನ್ನು ನನಗೆ ತಿಳಿಸಿ ಹೇಳಿದ. ಅವರದು ಬೌದ್ಧ ಮನೆತನ. ಅಜ್ಜನ ಕಾಲದಲ್ಲಿ ಗುರುಗುಂಟಾ ಕಡೆಯ ಒಂದು ಹಳ್ಳಿಯ ಹೊರಗಿನ ಕೇರಿಯಲ್ಲಿ ಇದ್ದವರು. ಅಪ್ಪ ಓದಿ ಸರಕಾರಿ ಆಫೀಸಿನಲ್ಲಿ ಗುಮಾಸ್ತರಾಗಿ ಲಿಂಗಸುಗೂರಿಗೆ ಬಂದಿದ್ದರು. ಆ ಮನೆಯಲ್ಲಿ ನಾನು ಎಷ್ಟೋ ಸಲ ಉಂಡಿದ್ದೆ. ಉಂಡದ್ದನ್ನು ನಮ್ಮ ಮನೆಯಲ್ಲಿ ಹೇಳಿರಲಿಲ್ಲ. ಹೇಳದಿದ್ದರೂ ಉಂಡೆನಲ್ಲ ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಳ್ಳುತ್ತಿದ್ದೆ. ಅಂಥ ಉದಾರಿ ನಾನು.

ಮಸ್ಕಿಯಲ್ಲಿ ನಮ್ಮ ಜೊತೆ ಓದಿದ ಅಣ್ಣ-ತಮ್ಮ ಇದ್ದರು. ಅವರಪ್ಪನ ಗೊಬ್ಬರದ ಅಂಗಡಿಯ ಮೇಲೆ ಒಂದು ಖಾಲಿ ಕೋಣೆ ಇತ್ತು. ಯೂರಿಯಾದ ವಾಸನೆ ಸಹಿಸಿಕೊಂಡರೆ ಯಾರ ಕಾಟವೂ ಇಲ್ಲ. ಸಿಂಧನೂರಿಗೂ ಲಿಂಗಸುಗೂರಿಗೂ ಮಸ್ಕಿ ನಡುವಿನ ಊರಾದ್ದರಿಂದ ಪ್ರತಿ ಐತವಾರ ಅಲ್ಲೇ ಸೇರುವುದೆಂದು ತೀರ್ಮಾನವಾಯಿತು. ಕತೆ ನಡೆಸುವವನು ನಾನು. ಆಕಾಶದಿಂದ ಏನೋ ಬಿದ್ದು ಕರೆಂಟು, ಡೀಸೆಲ್ಲು, ಸರಕಾರ ಎಲ್ಲವೂ ಹೋಗಿವೆ, ನಮ್ಮ ಎರಡೂ ತಾಲೂಕಿನಲ್ಲಿ ಒಂದು ಊರೂ ಉಳಿದಿಲ್ಲ ಎಂಬುದು ನನ್ನ ಕತೆ. ಹಳೆಯ ಕ್ಯಾಲೆಂಡರಿನ ಹಿಂದೆ ನಕ್ಷೆಯನ್ನೂ ಬರೆದಿದ್ದೆ.

ಯಾವ ಪದ್ಧತಿಯಲ್ಲಿ ಆಡಬೇಕು ಎಂಬುದಕ್ಕೇ ಮೊದಲ ಐತವಾರ ಕಳೆಯಿತು. ಅಣ್ಣ-ತಮ್ಮಂದಿರಿಗೆ ಚೌಕಾಬಾರದ ಕವಡೆಯೇ ಸಾಕಾಗಿತ್ತು. ಬಿದ್ದ ಕವಡೆ ಎಣಿಸಿ ಮುಂದೆ ಹೋಗೋಣ, ಓದು ಬರಹ ಯಾಕೆ ಎಂದರು. ಲಿಂಗಸುಗೂರಿನವನು ತಾನೇ ಒಂದು ಪದ್ಧತಿ ಮಾಡಿಕೊಂಡು ಬಂದಿದ್ದ. ಎಲ್ಲರೂ ಬರಿಗೈಯಲ್ಲಿ ಶುರು ಮಾಡಬೇಕು. ಆಡುತ್ತ ಆಡುತ್ತ ಯಾವ ಕೆಲಸ ಮೂರು ಸಲ ಕೈಗೂಡುತ್ತದೋ ಅದು ಆ ಪಾತ್ರದ ವಿದ್ಯೆಯಾಗುತ್ತದೆ. ಎಲ್ಲ ಹಾಳಾದ ಮೇಲೆ ಹಿಂದಿನದನ್ನು ಕಟ್ಟಿಕೊಂಡು ಯಾಕೆ ತಿರುಗಬೇಕು ಎಂಬುದು ಅವನ ವಾದ. ಪುಸ್ತಕದ ಪದ್ಧತಿ ಬೇರೆ. ಅಲ್ಲಿ ದಾಳ ಹಾಕಿದರೆ, ಜಗತ್ತು ಹಾಳಾಗುವ ಮೊದಲು ನೀನು ಏನಾಗಿದ್ದೆ ಎಂದು ಬರುತ್ತದೆ. ಮೆಕ್ಯಾನಿಕ್ಕು, ಡ್ರೈವರು, ನರ್ಸು, ಸಿಪಾಯಿ, ಹೀಗೆ. ಒಬ್ಬೊಬ್ಬರಿಗೆ ಒಂದು ವಿದ್ಯೆ, ಒಂದು ಸಲಕರಣೆ. ಮೇಲು ಕೀಳು ಇಲ್ಲ.

ನಾನು ಪುಸ್ತಕದ್ದೇ ಇರಲಿ ಎಂದೆ. ಬೇಗ ಶುರುವಾಗುತ್ತದೆ ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ, ಗೆಳೆಯನ ಪದ್ಧತಿ ನನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು. ಅವನು ಆಗಲಿ ಎಂದ. ಮುಂದಿನ ವಾರದೊಳಗೆ ಪಟ್ಟಿಯನ್ನು ನಮ್ಮ ಕಡೆಗೆ ಹೊಂದುವ ಹಾಗೆ ಕನ್ನಡದಲ್ಲಿ ಬರೆದು ತರುತ್ತೇನೆಂದು ನಾನು ಎದ್ದೆ.

ಬರೆದೆ. ಎರಡು ದಾಳಕ್ಕೆ ಎರಡರಿಂದ ಹನ್ನೆರಡು. ಹನ್ನೆರಡು ಬಿದ್ದರೆ ಗೌಡ. ಅವನಿಗೆ ಬಂದೂಕು, ಕುದುರೆ, ಸ್ವಂತ ಬಾವಿ. ಹನ್ನೊಂದಕ್ಕೆ ಡಾಕ್ಟರು, ಹತ್ತಕ್ಕೆ ಮಾಸ್ತರು. ಎಂಟಕ್ಕೆ ಡ್ರೈವರು, ಏಳಕ್ಕೆ ರೈತ. ಕೆಳಗೆ ಇಳಿಯುತ್ತ ಇಳಿಯುತ್ತ ಎರಡಕ್ಕೆ ಚಪ್ಪಲಿ ಹೊಲಿಯುವವ. ಅವನ ಸಲಕರಣೆಯ ಕಡೆ ‘ಏನೂ ಇಲ್ಲ’ ಎಂದು ಬರೆದೆ. ಪುಸ್ತಕದಲ್ಲಿ ಇಲ್ಲದ ಇನ್ನೊಂದು ಕಾಲಮ್ಮನ್ನೂ ಎಳೆದಿದ್ದೆ, ಇರುವ ಜಾಗ ಎಂದು. ಗೌಡನ ಮುಂದೆ ‘ಊರ ನಡುವೆ’, ಚಪ್ಪಲಿಯವನ ಮುಂದೆ ‘ಊರ ಹೊರಗೆ’. ಕೈ ಎಲ್ಲೂ ತಡೆಯಲಿಲ್ಲ. ಇಷ್ಟು ವರ್ಷವಾದ ಮೇಲೂ ನನ್ನನ್ನು ಕೊರೆಯುವುದು ಇದೇ. ಯಾರ ಮೇಲಿನ ಸಿಟ್ಟಿನಿಂದಲೂ ನಾನು ಬರೆಯಲಿಲ್ಲ. ಕೆಂಪು ಶಾಯಿಯಲ್ಲಿ ಗೆರೆ ನೇರ ಬಂತಲ್ಲ ಎಂದು ಖುಷಿಪಟ್ಟಿದ್ದೆ.

ಎರಡನೇ ಐತವಾರ ಕೆಳಗಿನ ಹೋಟೆಲಿನಿಂದ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿಕೊಂಡು ಕೂತೆವು. ತಮ್ಮ ದಾಳ ಹಾಕಿದ, ಮಾಸ್ತರಾದ. ಅಣ್ಣನಿಗೆ ಎರಡೂ ದಾಳದಲ್ಲಿ ಒಂದೊಂದೇ ಬಿತ್ತು. ಪಟ್ಟಿ ನೋಡಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಇದು ನನಗೆ ಬೇಡವೇ ಬೇಡ, ಇನ್ನೊಮ್ಮೆ ಹಾಕುತ್ತೇನೆ ಎಂದ. ತಮ್ಮನೂ ನಕ್ಕ. ನಾನೂ ನಕ್ಕೆ, ಹಾಕು ಎಂದೆ. ಈ ಸಲ ಅವನು ರೈತನಾದ.

ಲಿಂಗಸುಗೂರಿನವನು ದಾಳ ಹಾಕಿದ. ಎಂಟು, ಡ್ರೈವರು. ಅವನು ಅದನ್ನು ಬರೆದುಕೊಳ್ಳಲಿಲ್ಲ. ಪಟ್ಟಿಯನ್ನು ಹತ್ತಿರ ಎಳೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದ. ಆಮೇಲೆ ಬೆರಳು ಕೊನೆಯ ಸಾಲಿನ ಮೇಲೆ ಇಟ್ಟು ಕೇಳಿದ: “ಒಂದೂ ಊರಿಲ್ಲ ಅಂದಿ. ಇಂವ ಯಾತರ ಹೊರಗ ಇರ್ತಾನ?”

ಆ ಕಾಗದ ಹರಿದು ಹಾಕುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ತಪ್ಪಾಯಿತು ಎನ್ನುವುದಕ್ಕೆ? ನನ್ನ ಬಾಯಿಯಿಂದ ಬಂದದ್ದು ಬೇರೆ: “ಬುಕ್ಕಿನ್ಯಾಗ ಹಂಗ ಐತಿ.”

ಆ ಪುಸ್ತಕವನ್ನು ನನಗೆ ಓದಿ ಹೇಳಿದವನೇ ಅವನು. ಅದರ ಒಂದೊಂದು ಪುಟವೂ ಅವನಿಗೆ ಗೊತ್ತಿತ್ತು. ಅಣ್ಣ-ತಮ್ಮ ಮಿರ್ಚಿ ತಿನ್ನುತ್ತಿದ್ದರು, ಅವರಿಗೆ ಏನೂ ತಿಳಿಯಲಿಲ್ಲ. ಆಮೇಲೆ ಅವನು, “ಡ್ರೈವರ್ ಬ್ಯಾಡ. ಇದನ್ನ ನನಗ ಕೊಡು. ಯಾರರ ಆಡಬೇಕಲ್ಲ” ಎಂದು ಎರಡನೇ ನಂಬರನ್ನೇ ತನ್ನ ಹಾಳೆಯಲ್ಲಿ ಬರೆದುಕೊಂಡ.

ಆಡಿದ, ಚೆನ್ನಾಗಿಯೇ ಆಡಿದ. ಹಾಳು ಬಿದ್ದ ಲಾರಿಯ ಟೈರು ಕೊಯ್ದು ಎಲ್ಲರಿಗೂ ಚಪ್ಪಲಿ ಮಾಡಿಕೊಟ್ಟ. ಕಾದ ಕಲ್ಲಿನ ಮೇಲೆ ಮಾಸ್ತರನನ್ನೂ ರೈತನನ್ನೂ ಸಂತೆಕಲ್ಲೂರು ಇದ್ದ ಜಾಗದವರೆಗೆ ನಡೆಸಿಕೊಂಡು ಹೋಗಿ ನೀರು ಕಾಣಿಸಿದ. ಅವನಿಲ್ಲದಿದ್ದರೆ ನನ್ನ ಕತೆಯಲ್ಲಿ ಮೂವರೂ ಮೊದಲ ದಿನವೇ ಸಾಯುತ್ತಿದ್ದರು. ನಾನು ಶಹಬ್ಬಾಸ್ ಎಂದೆ, ಎಲ್ಲ ಸರಿಹೋಯಿತು ಎಂದುಕೊಂಡೆ. ಅವನು ಇನ್ನೆರಡು ಐತವಾರ ಬಂದ. ಕೆಳಗೆ ಚಹಾ ಕುಡಿಯುವಾಗ ಇಬ್ಬರೇ ಇದ್ದಾಗಲೂ ನಾನು ಬೇರೆ ಮಾತೇ ತೆಗೆದೆ. ಅವನು ಮರೆತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಅವನು ಬರಲಿಲ್ಲ. ರಿಸಲ್ಟು ಬಂತು, ಆಟ ನಿಂತಿತು. ಪತ್ರ ಬರೆಯಬೇಕೆಂದು ಎಷ್ಟೋ ಸಲ ಕೂತೆ. ‘ಕ್ಷೇಮ’ ಎಂಬಲ್ಲಿಗೇ ಪೆನ್ನು ನಿಲ್ಲುತ್ತಿತ್ತು.

ಐದಾರು ವರ್ಷದ ಮೇಲೆ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಬೇರೆ ಜಿಲ್ಲೆಯ ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದ. ಮದುವೆ ಆಗಿತ್ತು. ನಗುತ್ತಲೇ ಮಾತಾಡಿಸಿದ, ನಮ್ಮ ಅವ್ವನ ಆರೋಗ್ಯ ಕೇಳಿದ, ಚಹಾ ಕೊಡಿಸಿದ. ಅವನ ಬಸ್ಸು ಬಂದು ನಿಂತಿತು. ಈಗ ಬಿಟ್ಟರೆ ಇನ್ನು ಇಲ್ಲ ಅನ್ನಿಸಿ, ಅವತ್ತಿನ ಪಟ್ಟಿ ಬುಕ್ಕಿನಲ್ಲಿ ಇರಲಿಲ್ಲ, ನಾನೇ ಬರೆದದ್ದು, ತಪ್ಪಾಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಚೀಲವನ್ನು ಹೆಗಲಿಗೆ ಹಾಕಿಕೊಂಡ.

“ಗೊತ್ತಿತ್ತು” ಎಂದ. “ನೀ ಹೇಳ್ತಿ ಅಂತ ಎರಡು ಐತವಾರ ಬಂದೆ. ಮೂರನೇದಕ್ಕೂ ಮಸ್ಕಿಗೆ ಬಂದಿದ್ದೆ. ಬಸ್ಸಿಳಿದು, ಆ ಕಲ್ಲುಬೆಂಚಿನ ಮ್ಯಾಲ ಒಂದು ತಾಸು ಕುಂತು, ಹೊಳ್ಳಿ ಹ್ವಾದೆ.”